ಅಪ್ ನಾರ್ತ್ ಹೊರಟಿದ್ದೀರಾ? ಮಿನ್ನೆಸೋಟದ ಕಾಡು-ಕೆರೆಗಳ ನಡುವೆ ಐದು ರಾತ್ರಿ, ಎರಡೇ ಕ್ಯಾಂಪು

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅಮೆರಿಕದ ಮಿನ್ನಿಯಾಪೊಲಿಸ್‌ನ ಆಫೀಸು ಖಾಲಿ ಹೊಡೆಯುತ್ತಿದ್ದರೆ ಜನ ‘ಅಪ್ ನಾರ್ತ್’, ಅಂದರೆ ಉತ್ತರದ ಕಾಡು-ಕೆರೆಗಳ ಕಡೆ, ಹೊರಟಿದ್ದಾರೆ ಅಂತ ಅರ್ಥ. ಎಲ್ಲಿಗೆ ಅಂತ ಕೇಳಿದರೂ ಅಷ್ಟೇ ಉತ್ತರ. ಯಾವ ಊರು, ಯಾವ ಕೆರೆ, ಯಾರೂ ಬಿಡಿಸಿ ಹೇಳುವುದಿಲ್ಲ. ಮೊದಲ ಬೇಸಿಗೆಯಲ್ಲಿ ಇದನ್ನೇ ಕೇಳಿ ಕೇಳಿ ನಾನೂ ಒಂದು ಟೆಂಟು ಬಾಡಿಗೆಗೆ ತಂದು, ಹೆಂಡತಿ ಮಗನನ್ನು ಹತ್ತಿಸಿಕೊಂಡು ಹೊರಟೇಬಿಟ್ಟೆ. ನಾಲ್ಕು ರಾತ್ರಿ, ನಾಲ್ಕು ಜಾಗ. ಥೇಟ್ ನಮ್ಮ ಧರ್ಮಸ್ಥಳ-ಸುಬ್ರಹ್ಮಣ್ಯ-ಹೊರನಾಡು-ಶೃಂಗೇರಿ ಟ್ರಿಪ್ಪಿನ ಲೆಕ್ಕ. ದಿನಾ ಬೆಳಿಗ್ಗೆ ಟೆಂಟು ಮಡಚು, ಕಾರಿಗೆ ತುಂಬು, ಓಡಿಸು, ಬೋರ್ಡಿನ ಮುಂದೆ ಫೋಟೋ ತೆಗೆ, ಮತ್ತೆ ಟೆಂಟು ಹಾಕು. ವಾಪಸ್ ಬಂದ ಮೇಲೆ ನೆನಪಿದ್ದದ್ದು ಪಾರ್ಕಿಂಗ್ ಲಾಟುಗಳು ಮಾತ್ರ.

ಆಮೇಲೆ ಸುಮಾರು ಸಲ ಹೋಗಿದ್ದೇವೆ. ಈಗ ನಮ್ಮ ಲೆಕ್ಕ ಬೇರೆ. ಐದು ರಾತ್ರಿ, ಎರಡೇ ಕ್ಯಾಂಪು. ಒಂದು ಲೇಕ್ ಸುಪೀರಿಯರ್ ದಡದಲ್ಲಿ, ಇನ್ನೊಂದು ಕಾಡಿನ ಒಳಗೆ ಒಂದು ಸಣ್ಣ ಕೆರೆಯ ಪಕ್ಕ. ಇವೆರಡೂ ಎಷ್ಟು ಬೇರೆ ಅಂದರೆ, ಒಂದನ್ನು ನೋಡಿ ಬಂದವರು ಇನ್ನೊಂದನ್ನು ಊಹಿಸಲೂ ಆಗುವುದಿಲ್ಲ.

ಸುಪೀರಿಯರನ್ನು ಕೆರೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸುಮಾರು 82,000 ಚದರ ಕಿಲೋಮೀಟರ್ ನೀರು. ಕರ್ನಾಟಕವನ್ನು ಐದು ಪಾಲು ಮಾಡಿದರೆ ಎರಡು ಪಾಲಿಗಿಂತ ಜಾಸ್ತಿ. ಅತಿ ಆಳದ ಜಾಗದಲ್ಲಿ 406 ಮೀಟರ್. ಅಲೆ ಇದೆ, ಮಂಜು ಇದೆ, ಸಾವಿರ ಅಡಿ ಉದ್ದದ ಹಡಗುಗಳಿವೆ. ನೀರು ವರ್ಷದ ಸರಾಸರಿಯಲ್ಲಿ 4 ಡಿಗ್ರಿ ಸೆಲ್ಸಿಯಸ್. ಅದಕ್ಕೇ ಮಿನ್ನಿಯಾಪೊಲಿಸ್‌ನಲ್ಲಿ 32 ಡಿಗ್ರಿ ಸೆಖೆ ಇದ್ದ ದಿನವೂ ದಡದಲ್ಲಿ ಗಾಳಿ ಬೀಸಿದರೆ ಜಾಕೆಟ್ ಬೇಕು. ‘ಕೂಲರ್ ಬೈ ದ ಲೇಕ್’ ಅನ್ನುವುದು ಇಲ್ಲಿನವರ ಬಾಯಲ್ಲಿ ಮಂತ್ರದ ಹಾಗೆ. ದಡ ಬಿಟ್ಟು ಗುಡ್ಡ ಹತ್ತಿ ಹತ್ತಿಪ್ಪತ್ತು ಮೈಲಿ ಒಳಗೆ ಹೋದರೆ ಬೆಚ್ಚಗಿನ, ಅಲುಗಾಡದ, ಕನ್ನಡಿಯಂಥ ನೀರು. ಜೊತೆಗೆ ಸೊಳ್ಳೆ.

ಯಾವಾಗ ಹೋಗಬೇಕು, ಯಾವಾಗ ಬುಕ್ ಮಾಡಬೇಕು

ಮೇ ಕೊನೆಯಿಂದ ಜೂನ್ ತನಕ ಬ್ಲ್ಯಾಕ್ ಫ್ಲೈ ಅನ್ನುವ ಪುಟಾಣಿ ನೊಣದ ಕಾಲ. ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಕಚ್ಚುತ್ತದೆ. ಗೊತ್ತಾಗುವುದು ರಕ್ತ ಇಳಿದ ಮೇಲೆ. ಜೂನ್, ಜುಲೈ ಸೊಳ್ಳೆಯ ಸುಗ್ಗಿ. ಆಗಸ್ಟ್ ಮಧ್ಯದ ಹೊತ್ತಿಗೆ ಎರಡರ ಅಬ್ಬರವೂ ಇಳಿಯುತ್ತದೆ, ಒಳಗಿನ ಕೆರೆಗಳಲ್ಲಿ ಈಜಬಹುದು, ಬಂಡೆಗಳ ಸಂದಿಯಲ್ಲಿ ಬ್ಲೂಬೆರಿ ಹಣ್ಣಾಗಿರುತ್ತದೆ. ಆಗಸ್ಟ್ 12, 13ರ ಆಸುಪಾಸು ಪರ್ಸಿಯಿಡ್ ಉಲ್ಕೆಗಳೂ ಬೀಳುತ್ತವೆ. ಮಕ್ಕಳಿದ್ದರೆ ಬೇರೆ ಯೋಚನೆಯೇ ಬೇಡ, ಆಗಸ್ಟ್ ಮಧ್ಯ. ಮಕ್ಕಳಿಲ್ಲದಿದ್ದರೆ ಸೆಪ್ಟೆಂಬರ್ ಕೊನೆ. ಗುಡ್ಡದ ಮೇಪಲ್ ಮರಗಳು ಆಗ ಕೆಂಪಾಗುತ್ತವೆ, ದಡದ ಬರ್ಚ್ ಮತ್ತು ಆಸ್ಪೆನ್ ಸ್ವಲ್ಪ ತಡವಾಗಿ ಹಳದಿಯಾಗುತ್ತವೆ. ಸೊಳ್ಳೆ ಇಲ್ಲವೇ ಇಲ್ಲ ಅನ್ನಬಹುದು. ಆದರೆ ರಾತ್ರಿ ನಡುಗಬೇಕು.

ಸ್ಟೇಟ್ ಪಾರ್ಕಿನ ಕ್ಯಾಂಪ್‌ಸೈಟುಗಳ ಬುಕಿಂಗ್ 120 ದಿನ ಮುಂಚೆ ತೆರೆಯುತ್ತದೆ. ಆಗಸ್ಟ್ 15ಕ್ಕೆ ಜಾಗ ಬೇಕು ಅಂದರೆ ಏಪ್ರಿಲ್ 17ರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂರಬೇಕು. ಇದು ಹೆಚ್ಚೂಕಡಿಮೆ ತತ್ಕಾಲ್ ಟಿಕೆಟ್ ಇದ್ದ ಹಾಗೆ. ಒಂದು ನಿಮಿಷ ತಡ ಮಾಡಿದರೆ ನೀರಿನ ಪಕ್ಕದ ಸೈಟು ಹೋಯಿತು ಅಂತಲೇ ಲೆಕ್ಕ. ಶುಕ್ರವಾರ, ಶನಿವಾರದ ಹಟ ಬಿಡಿ. ಭಾನುವಾರ ಹೊರಟು ಶುಕ್ರವಾರ ವಾಪಸ್ ಬರುವ ಹಾಗಿದ್ದರೆ ಎಲ್ಲವೂ ಸಲೀಸು. ಜಾಗ ಸಿಗದಿದ್ದರೂ ಬೇಜಾರು ಬೇಡ, ಹೊರಡುವ ವಾರದಲ್ಲಿ ದಿನಾ ಒಮ್ಮೆ ನೋಡುತ್ತಿರಿ. ಮಳೆ ಬರುತ್ತದೆ ಅಂತ ಸುದ್ದಿ ಬಂದ ಕೂಡಲೇ ಜನ ಕ್ಯಾನ್ಸಲ್ ಮಾಡುತ್ತಾರೆ. ನಮಗೆ ಒಂದು ಸಲ ಸಿಕ್ಕಿದ ಒಳ್ಳೆಯ ಸೈಟು ಹಾಗೇ ಸಿಕ್ಕಿದ್ದು. ಮಳೆ ಬರಲಿಲ್ಲ.

ಇದರ ಜೊತೆ ಕಾರಿಗೆ ಬೇರೆ ಪರ್ಮಿಟ್ ಬೇಕು. ಒಂದು ದಿನದ್ದೂ ಇದೆ, ವರ್ಷದ್ದೂ ಇದೆ. ಐದು ದಿನ ಇರುವವರು ಸುಮ್ನೆ ವರ್ಷದ್ದನ್ನೇ ತೆಗೆದುಕೊಳ್ಳಿ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ನೆಲದ ಮೇಲೆ ಮಲಗಿಸುವ ಸಾಹಸ ಬೇಡ. ಕೆಲವು ಸ್ಟೇಟ್ ಪಾರ್ಕುಗಳಲ್ಲಿ ಕ್ಯಾಂಪರ್ ಕ್ಯಾಬಿನ್ ಅಂತ ಮರದ ಪುಟ್ಟ ಮನೆಗಳಿವೆ, ಒಳಗೆ ಬಂಕ್ ಮಂಚ ಇರುತ್ತದೆ. ಅವೂ ಬೇಗ ತುಂಬುತ್ತವೆ.

ದಾರಿ

ಮಿನ್ನಿಯಾಪೊಲಿಸ್‌ನಿಂದ ಡುಲೂತ್‌ಗೆ 155 ಮೈಲಿ, ನೇರ ಹೈವೇ, ಹೇಳುವಂಥದ್ದೇನೂ ಇಲ್ಲ. ಕೊನೆಗೆ ರಸ್ತೆ ಗುಡ್ಡ ಇಳಿಯುವಾಗ ಒಮ್ಮೆಲೇ ಪೂರ್ತಿ ಸುಪೀರಿಯರ್ ಎದುರಿಗೆ ಬಿಚ್ಚಿಕೊಳ್ಳುತ್ತದೆ. ಆ ಒಂದು ನಿಮಿಷ ಕಾರಿನೊಳಗೆ ಯಾರೂ ಮಾತಾಡುವುದಿಲ್ಲ. ಡುಲೂತ್‌ನಲ್ಲಿ ದಿನಸಿ, ಐಸ್ ತುಂಬಿಕೊಳ್ಳಿ. ಅದೃಷ್ಟ ಇದ್ದರೆ ಏರಿಯಲ್ ಲಿಫ್ಟ್ ಬ್ರಿಡ್ಜ್ ಮೇಲೆದ್ದು ಕೆಳಗೆ ಹಡಗು ಹೋಗುವುದು ನೋಡಬಹುದು. ಅಷ್ಟು ಸಾಕು, ಹೊರಡಿ.

ಅಲ್ಲಿಂದ ಹೈವೇ 61. ಗ್ರ್ಯಾಂಡ್ ಮರೇ ತನಕ ಸುಮಾರು 110 ಮೈಲಿ, ಬಲಗಡೆ ಉದ್ದಕ್ಕೂ ನೀರು. ಇಲ್ಲೇ ಎಲ್ಲರೂ ಎಡವುವುದು. ಪ್ರತಿ ಹತ್ತು ಮೈಲಿಗೊಂದು ಜಲಪಾತ, ಪ್ರತಿಯೊಂದಕ್ಕೂ ಇಳಿಯಬೇಕು ಅನ್ನಿಸುತ್ತದೆ. ಇಳಿಯುತ್ತಾ ಹೋದರೆ ಕ್ಯಾಂಪು ಸೇರುವುದು ಕತ್ತಲಾದ ಮೇಲೆ. ಹೋಗುವ ದಿನ ಒಂದೇ ಒಂದು ಕಡೆ ನಿಲ್ಲಿಸಿ. ಗೂಸ್‌ಬೆರಿ ಫಾಲ್ಸ್ ಆಗಬಹುದು. ಡುಲೂತ್‌ನಿಂದ 40 ಮೈಲಿ, ಮುಖ್ಯ ಪಾರ್ಕಿಂಗಿಗೆ ದುಡ್ಡಿಲ್ಲ, ಜಲಪಾತ ಐದು ನಿಮಿಷದ ನಡಿಗೆ, ಶೌಚಾಲಯ ಚೆನ್ನಾಗಿದೆ.

ಮೊದಲ ಕ್ಯಾಂಪಿಗೆ ನನ್ನ ಇಷ್ಟದ ಜಾಗ ಸ್ಪ್ಲಿಟ್ ರಾಕ್ ಲೈಟ್‌ಹೌಸ್ ಸ್ಟೇಟ್ ಪಾರ್ಕು. ಇಲ್ಲಿನ ಕಾರ್ಟ್-ಇನ್ ಸೈಟುಗಳ ವಿಶೇಷ ಏನೆಂದರೆ ಕಾರನ್ನು ದೂರದಲ್ಲೇ ನಿಲ್ಲಿಸಿ, ಪಾರ್ಕಿನವರ ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು ನೂಕಿಕೊಂಡು ಹೋಗಬೇಕು. ಎರಡು ಸಲ ಓಡಾಡುವ ಕಷ್ಟ ಇದೆ, ಅದಕ್ಕೆ ಪ್ರತಿಯಾಗಿ ಪಕ್ಕದ ಸೈಟಿನ ಜನರೇಟರ್ ಇಲ್ಲ, ಮಧ್ಯರಾತ್ರಿ ಕಾರಿನ ಬಾಗಿಲು ಬಡಿಯುವ ಸದ್ದಿಲ್ಲ. ಅಲೆ ಸದ್ದು ಮಾತ್ರ. 1905ರ ನವೆಂಬರಿನ ಒಂದು ಬಿರುಗಾಳಿ ಈ ಕೆರೆಯಲ್ಲಿ ಎಷ್ಟೋ ಹಡಗುಗಳನ್ನು ಹಾಳು ಮಾಡಿತು. ಆಮೇಲೆ ಬಂಡೆಯ ತುದಿಯಲ್ಲಿ ಈ ದೀಪಸ್ತಂಭ ಕಟ್ಟಿ 1910ರಲ್ಲಿ ದೀಪ ಹಚ್ಚಿದರು. 1969ರಲ್ಲಿ ನಿಲ್ಲಿಸಿದರು. ಬೆಳಗಿನ ಬಿಸಿಲಿನಲ್ಲಿ ಕೆಳಗಿನ ಕಲ್ಲು ದಡದಿಂದ ನೋಡಿ, ಕ್ಯಾಲೆಂಡರಿನಲ್ಲಿ ಬರುವ ಚಿತ್ರ ಅದೇ.

ಇಲ್ಲಿ ಮೂರು ರಾತ್ರಿ ಇದ್ದರೆ ಎರಡು ಪೂರ್ತಿ ದಿನ ಸಿಗುತ್ತದೆ. ಒಂದು ದಿನ ಟೆಟಗೂಷ್ ಸ್ಟೇಟ್ ಪಾರ್ಕು, ಒಂದು ದಿನ ಟೆಂಪರೆನ್ಸ್ ನದಿ. ಟೆಟಗೂಷ್‌ನಲ್ಲಿ ಬ್ಯಾಪ್ಟಿಸಂ ನದಿ ಸುಮಾರು 60 ಅಡಿ ಎತ್ತರದಿಂದ ಬೀಳುತ್ತದೆ. ಜೋಗ ನೋಡಿದವರಿಗೆ ‘ಇಷ್ಟೇನಾ’ ಅನ್ನಿಸಬಹುದು. ಆದರೆ ನೀರಿನ ಬಣ್ಣ ನೋಡಿ. ಕೊಳೆಯಲ್ಲ ಅದು. ಕಾಡಿನ ಜೌಗು ನೆಲದ ಎಲೆ, ತೊಗಟೆಗಳ ಟ್ಯಾನಿನ್ ಇಳಿದು ನದಿ ಪೂರ್ತಿ ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ, ಮೇಲೆ ನೊರೆ ಬೇರೆ. ಇನ್ನು ಟೆಂಪರೆನ್ಸ್ ಹೆಸರಿನ ಕಥೆ ನಮ್ಮವರಿಗೆ ಅನುವಾದವೇ ಬೇಡದ ಜೋಕು: ಈ ಕಡೆಯ ಬೇರೆ ನದಿಗಳಿಗೆ ಬಾಯಲ್ಲಿ ಮರಳಿನ ‘ಬಾರ್’ ಇದೆ, ಇದಕ್ಕಿಲ್ಲ, ಬಾರ್ ಇಲ್ಲದ ಮೇಲೆ ಪಾನನಿಷೇಧವೇ ಸರಿ ಅಂತ ಆ ಹೆಸರು. ಕಪ್ಪು ಬಂಡೆಯ ಸಂದಿಯಲ್ಲಿ ನದಿ ಕಾಣೆಯಾಗಿ ಕೆಳಗೆ ಗುಡುಗುತ್ತಿರುತ್ತದೆ. ಒದ್ದೆ ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಸುಪೀರಿಯರಿನಲ್ಲಿ ಈಜುವ ಯೋಚನೆ ಮಾತ್ರ ಬೇಡ. ಆ ತಣ್ಣೀರಿಗೆ ಬಿದ್ದರೆ ಮೊದಲು ಉಸಿರು ಕಟ್ಟುತ್ತದೆ, ಆಮೇಲೆ ಕೈಕಾಲು ಮಾತು ಕೇಳುವುದಿಲ್ಲ. ಈಜು ಬರುವವರೂ ಮುಳುಗುವುದು ಹೀಗೇ. ಪಾದ ಅದ್ದಿ, ಕಿರುಚಿ, ಹೊರಗೆ ಬನ್ನಿ.

ಚಳಿ ಕೆಳಗಿಂದ ಬರುತ್ತದೆ

ಆ ಮೊದಲ ಟ್ರಿಪ್ಪಿನ ಮೊದಲ ರಾತ್ರಿ ನಾವು ಸೈಟಿಗೆ ಹೋದಾಗ ಹತ್ತು ಗಂಟೆ. ಮಳೆ ಹನಿಯುತ್ತಿತ್ತು. ಬಾಡಿಗೆ ಟೆಂಟಿನ ಚೀಲ ಬಿಚ್ಚಿದರೆ ಹನ್ನೆರಡು ಗೂಟ ಇರಬೇಕಾದಲ್ಲಿ ನಾಲ್ಕಿತ್ತು. ಸುತ್ತಲೂ ಎಲ್ಲರೂ ಮಲಗಿದ್ದಾರೆ, ನಾವು ಕಾರಿನ ಹೆಡ್‌ಲೈಟ್ ಹಾಕಿಕೊಂಡು ಪಿಸುದನಿಯಲ್ಲಿ ಜಗಳ ಆಡುತ್ತಾ ಟೆಂಟು ನಿಲ್ಲಿಸುತ್ತಿದ್ದೇವೆ. ಟೆಂಟು ಯಾರದ್ದೇ ಇರಲಿ, ಹೊರಡುವ ವಾರ ಮುಂಚೆ ಮನೆ ಹಿಂದೆಯೋ ಅಪಾರ್ಟ್‌ಮೆಂಟಿನ ಹುಲ್ಲಿನ ಮೇಲೋ ಪೂರ್ತಿ ಹಾಕಿ ನೋಡಿ. ಸೈಟಿಗೆ ಸಂಜೆ ಐದರೊಳಗೆ ಸೇರಿ.

ಆ ರಾತ್ರಿ ನಿದ್ದೆ ಬರದಿದ್ದದ್ದು ಮಳೆಯಿಂದಲ್ಲ, ಹಾಸಿಗೆಯಿಂದ. ಮನೆಗೆ ನೆಂಟರು ಬಂದಾಗ ಹಾಸುವ ದಪ್ಪ ಗಾಳಿ ಹಾಸಿಗೆಯನ್ನೇ ತಂದಿದ್ದೆವು. ಅದರೊಳಗೆ ಬರೀ ಗಾಳಿ, ಆ ಗಾಳಿ ಸುತ್ತುತ್ತಾ ಮೈಯ ಬಿಸಿಯನ್ನೆಲ್ಲ ನೆಲಕ್ಕೆ ಸಾಗಿಸುತ್ತದೆ. ಮೇಲೆ ಎಷ್ಟು ಹೊದ್ದರೂ ಬೆನ್ನು ಐಸು. ಕ್ಯಾಂಪಿಂಗ್ ಪ್ಯಾಡ್ ಕೊಳ್ಳುವಾಗ ಅದರ ಆರ್-ವ್ಯಾಲ್ಯೂ, ಅಂದರೆ ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ನೋಡಿ. ಬೇಸಿಗೆಗೆ 3ರ ಆಸುಪಾಸು ಇರಲಿ. ಇಲ್ಲದಿದ್ದರೆ ಗಾಳಿ ಹಾಸಿಗೆಯ ಮೇಲೆ ಒಂದು ಫೋಮ್ ಚಾಪೆ, ಅದರ ಮೇಲೆ ಕಂಬಳಿ. ದುಡ್ಡು ಕಡಿಮೆ ಇದ್ದರೆ ಟೆಂಟಿಗಿಂತ ಮೊದಲು ಪ್ಯಾಡಿಗೆ ಖರ್ಚು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಮಲೆನಾಡಿನವರಿಗೆ ನಾನು ಹೇಳುವುದೇನಿಲ್ಲ. ಮಳೆಗಾಲದಲ್ಲಿ ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕುತ್ತಿದ್ದದ್ದು ಯಾಕೆ? ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ. ಹತ್ತಿ ನೆನೆದರೆ ಮೈಯ ಬಿಸಿ ಹೀರುತ್ತದೆ. ಜೀನ್ಸ್ ಮನೆಯಲ್ಲೇ ಬಿಡಿ. ಮಲಗುವುದಕ್ಕೆ ಒಂದು ಜೊತೆ ಒಣ ಬಟ್ಟೆ, ಉಣ್ಣೆ ಕಾಲುಚೀಲ, ಟೋಪಿ ಬೇರೆ ಚೀಲದಲ್ಲಿ ಇಟ್ಟು, ಅದನ್ನು ಹಗಲು ಮುಟ್ಟಲೇಬೇಡಿ.

ಟೆಂಟಿನ ಕೆಳಗೆ ಹಾಸುವ ಟಾರ್ಪಾಲು ಟೆಂಟಿಗಿಂತ ಒಂದು ಗೇಣೂ ಹೊರಗೆ ಚಾಚಬಾರದು. ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನಡಿಗೆ ಬರುತ್ತದೆ. ಇದನ್ನೂ ನಾವು ಮಾಡಿ ಕಲಿತಿದ್ದೇವೆ.

ಸೊಳ್ಳೆ, ಉಣ್ಣಿ, ಕರಡಿ

ಸೊಳ್ಳೆಗೆ ಡೀಟ್ ಅಥವಾ ಪಿಕಾರಿಡಿನ್ ಇರುವ ಸ್ಪ್ರೇ. ಸಂಜೆ ಹೊತ್ತು ಪೂರ್ತಿ ತೋಳು. ಟೆಂಟಿನ ಜಿಪ್ ವಿಷಯದಲ್ಲಿ ಮಾತ್ರ ದಯೆ ಬೇಡ, ಮಗ ಒಳಗಿದ್ದಾನಾ ಹೊರಗಿದ್ದಾನಾ ಅಂತ ಒಂದು ಸಲ ತೀರ್ಮಾನ ಮಾಡಲಿ.

ಸೊಳ್ಳೆಗಿಂತ ನನಗೆ ಭಯ ಉಣ್ಣಿಯದ್ದು. ಶಿವಮೊಗ್ಗದ ಕಡೆಯವರಿಗೆ ಮಂಗನ ಕಾಯಿಲೆ ಗೊತ್ತಲ್ಲ, ಕಾಡಿನ ಉಣ್ಣಿಯಿಂದ ಬರುವುದು. ಇಲ್ಲಿ ಡಿಯರ್ ಟಿಕ್ ಅನ್ನುವ ಪುಟ್ಟ ಉಣ್ಣಿಯಿಂದ ಲೈಮ್ ಕಾಯಿಲೆ ಬರುತ್ತದೆ. ಎಳ್ಳಿನಷ್ಟು ಚಿಕ್ಕದು, ಮರಿಯಾದರೆ ಗಸಗಸೆಯಷ್ಟು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿ. ದಿನಾ ರಾತ್ರಿ ಮಲಗುವ ಮುಂಚೆ ಕಂಕುಳು, ಮಂಡಿಯ ಹಿಂದೆ, ಸೊಂಟ, ಮಕ್ಕಳ ತಲೆಗೂದಲು ಎಲ್ಲ ಟಾರ್ಚ್ ಹಾಕಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿದ ಕಡೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ. ಆಮೇಲಿನ ವಾರಗಳಲ್ಲಿ ಚರ್ಮದ ಮೇಲೆ ಕೆಂಪು ಉಂಗುರ ಕಂಡರೆ ಅಥವಾ ಜ್ವರ ಬಂದರೆ ಡಾಕ್ಟರಿಗೆ ಉಣ್ಣಿಯ ವಿಷಯ ಹೇಳಿ.

ಕರಡಿ ಇದೆ, ಕಪ್ಪು ಕರಡಿ. ಅದಕ್ಕೆ ನೀವು ಬೇಡ, ನಿಮ್ಮ ಊಟ ಬೇಕು. ನಮ್ಮ ಅಡುಗೆಯ ಇಂಗು, ಒಗ್ಗರಣೆ ಮೈಲಿ ದೂರ ಹೋಗುತ್ತದೆ ಅಂತ ನನ್ನ ನಂಬಿಕೆ. ತಿನ್ನುವ ಪದಾರ್ಥ, ಪಾತ್ರೆ, ಕಸ, ಟೂತ್‌ಪೇಸ್ಟು, ಸೋಪು, ಎಲ್ಲ ರಾತ್ರಿ ಕಾರಿನೊಳಗೆ, ಗಾಜು ಏರಿಸಿ. ಟೆಂಟಿನೊಳಗೆ ಒಂದು ಚಾಕೊಲೇಟೂ ಇರಬಾರದು. ಪಾತ್ರೆಯನ್ನು ಕುಡಿಯುವ ನೀರಿನ ನಲ್ಲಿಯ ಕೆಳಗೆ ತೊಳೆಯಬೇಡಿ, ಕೆರೆಯಲ್ಲಂತೂ ಬೇಡವೇ ಬೇಡ.

ಊಟ

ಎರಡು ಉರಿಯ ಪ್ರೊಪೇನ್ ಸ್ಟವ್ ಇದ್ದರೆ ಏನೂ ಕಷ್ಟವಿಲ್ಲ. ನಮ್ಮ ಮನೆಯ ಪದ್ಧತಿ ಹೀಗಿದೆ. ಹೊರಡುವ ಹಿಂದಿನ ದಿನ ಸಾಸಿವೆ, ಉದ್ದಿನ ಬೇಳೆ, ಕಡಲೆ ಬೇಳೆ, ಒಣಮೆಣಸು, ಇಂಗು ಹಾಕಿ ಒಗ್ಗರಣೆ ಮಾಡಿ, ಕರಿಬೇವು ಗರಿಗರಿ ಆಗುವ ತನಕ ಹುರಿದು, ಅದರಲ್ಲೇ ರವೆ ಹುರಿದು ಉಪ್ಪು ಬೆರೆಸಿ ಡಬ್ಬಿಗೆ ಹಾಕುತ್ತೇವೆ. ಬೆಳಿಗ್ಗೆ ಎರಡೂವರೆ ಲೋಟ ಕುದಿಯುವ ನೀರಿಗೆ ಒಂದು ಲೋಟ ಈ ರವೆ, ಮುಚ್ಚಿಟ್ಟು ಐದು ನಿಮಿಷ. ಉಪ್ಪಿಟ್ಟು ತಯಾರು. ಪುಳಿಯೋಗರೆ ಗೊಜ್ಜು ಒಂದು ಬಾಟಲಿ, ಚಟ್ನಿಪುಡಿ, ತೆಳು ಅವಲಕ್ಕಿ. ಫಿಲ್ಟರ್ ಕಾಫಿಯ ಡಿಕಾಕ್ಷನ್ ಮನೆಯಲ್ಲೇ ಗಟ್ಟಿಯಾಗಿ ಇಳಿಸಿ ಬಾಟಲಿಯಲ್ಲಿ ಐಸ್ ಪೆಟ್ಟಿಗೆಗೆ ಹಾಕಿ. ಪುಡಿ ಐಸಿನ ಬದಲು ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿಟ್ಟು ಒಯ್ದರೆ ಮೊಸರು ಮೂರು ದಿನ ಕೆಡುವುದಿಲ್ಲ, ಕರಗಿದ ಮೇಲೆ ಕುಡಿಯಬಹುದು.

ಸೌದೆ ಮಾತ್ರ ಮನೆಯಿಂದ ತರಬೇಡಿ. ಎಮರಾಲ್ಡ್ ಆಷ್ ಬೋರರ್ ಅನ್ನುವ ಹಸಿರು ಹುಳದ ಮರಿ ತೊಗಟೆಯ ಕೆಳಗೆ ಕೂತು ಸೌದೆಯ ಜೊತೆ ಪ್ರಯಾಣ ಮಾಡುತ್ತದೆ, ಹೋದಲ್ಲೆಲ್ಲ ಆಷ್ ಮರಗಳನ್ನು ಕೊಲ್ಲುತ್ತದೆ. ಪಾರ್ಕಿನಲ್ಲೇ ಕಟ್ಟು ಸಿಗುತ್ತದೆ. ಬೆಂಕಿ ಆರಿಸುವಾಗ ನೀರು ಸುರಿಯಿರಿ, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ, ಬೂದಿ ಕೈಗೆ ತಣ್ಣಗೆ ಹತ್ತಬೇಕು. 2007ರ ಮೇ ತಿಂಗಳಲ್ಲಿ ಮುಂದೆ ಹೇಳುವ ಗನ್‌ಫ್ಲಿಂಟ್ ರಸ್ತೆಯ ಹತ್ತಿರದ ಹ್ಯಾಮ್ ಲೇಕ್ ಬಳಿ ಒಂದು ಕ್ಯಾಂಪ್ ಬೆಂಕಿಯಿಂದ ಶುರುವಾದದ್ದು ಗಡಿ ದಾಟಿ ಕೆನಡಾದಲ್ಲೂ ಸೇರಿ ಸುಮಾರು 75,000 ಎಕರೆ ಸುಟ್ಟಿತು. ಒಣ ವರ್ಷಗಳಲ್ಲಿ ಬೆಂಕಿಗೇ ನಿಷೇಧ ಇರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಒಳಗಿನ ಕೆರೆ

ನಾಲ್ಕನೇ ದಿನ ಬೆಳಿಗ್ಗೆ ಟೆಂಟು ಕಿತ್ತು ಗ್ರ್ಯಾಂಡ್ ಮರೇಗೆ. ಪೆಟ್ರೋಲ್ ಟ್ಯಾಂಕು ಇಲ್ಲೇ ತುಂಬಿಸಿ. ಊರಿನಲ್ಲಿ ವರ್ಲ್ಡ್ಸ್ ಬೆಸ್ಟ್ ಡೋನಟ್ಸ್ ಅಂತಲೇ ಹೆಸರಿಟ್ಟುಕೊಂಡ ಅಂಗಡಿ ಇದೆ, ಹೆಸರಿನ ಬಗ್ಗೆ ವಾದ ಮಾಡುವುದಿಲ್ಲ, ಬಿಸಿ ಇರುವಾಗ ತಿನ್ನಿ. ಇಲ್ಲಿಂದ ಗನ್‌ಫ್ಲಿಂಟ್ ಟ್ರೇಲ್ ಶುರು. ಹೆಸರು ಟ್ರೇಲ್, ಆದರೆ 57 ಮೈಲಿಯ ಡಾಂಬರು ರಸ್ತೆ. ಎರಡೂ ಕಡೆ ಸ್ಪ್ರೂಸ್, ಪೈನ್ ಕಾಡು, ಸಣ್ಣ ದಾರಿಗಳ ತುದಿಯಲ್ಲಿ ಕೆರೆಗಳು, ಕೊನೆಗೆ ಕೆನಡಾ ಗಡಿಯ ಹತ್ತಿರ ರಸ್ತೆಯೇ ಮುಗಿದುಹೋಗುತ್ತದೆ.

ನಾವು ಇಳಿಯುವುದು ಅರ್ಧ ದಾರಿಯಲ್ಲಿ, ಫ್ಲೋರ್ ಲೇಕ್‌ನಲ್ಲಿ. ಹಿಟ್ಟಿನ ಕೆರೆ! ಮೌಸ್‌ಗೂ ಮೂಸ್ ಅನ್ನುವ ಕಡವೆಯಂಥ ದೈತ್ಯ ಪ್ರಾಣಿಗೂ ವ್ಯತ್ಯಾಸ ಗೊತ್ತಿಲ್ಲದ ವಯಸ್ಸಿನಲ್ಲಿ ಮಗ ನೀರು ಬೆಳ್ಳಗಿರುತ್ತದೆ ಅಂದುಕೊಂಡಿದ್ದ. ಫಾರೆಸ್ಟ್ ಸರ್ವಿಸ್‌ನ ಸರಳ ಕ್ಯಾಂಪು ಇದು. ಗುಂಡಿ ಶೌಚಾಲಯ ಇದೆ, ಕುಡಿಯುವ ನೀರಿದೆ, ಸ್ನಾನದ ಮನೆ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಮ್ಯಾಪನ್ನು ಮುಂಚೆಯೇ ಡೌನ್‌ಲೋಡ್ ಮಾಡಿ. ಕೆಲವು ಸೈಟುಗಳಿಗೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬುಕ್ ಮಾಡಬಹುದು, ಉಳಿದವು ಮೊದಲು ಬಂದವರಿಗೆ.

ಇಲ್ಲಿ ಮಾಡಬೇಕಾದ್ದು ಒಂದೇ, ಒಂದು ದಿನಕ್ಕೆ ಕನೂ, ಅಂದರೆ ಹುಟ್ಟು ಹಾಕುವ ಸಪೂರ ದೋಣಿ, ಬಾಡಿಗೆಗೆ ತೆಗೆದುಕೊಳ್ಳುವುದು. ರಸ್ತೆಯುದ್ದಕ್ಕೂ ಬಾಡಿಗೆ ಕೊಡುವವರಿದ್ದಾರೆ. ಭಾರವಾದವರು ಹಿಂದೆ, ಮಗು ನಡುವೆ ಕೆಳಗೆ. ಎದ್ದು ನಿಲ್ಲಬಾರದು. ಲೈಫ್ ಜಾಕೆಟ್ ತಲೆಗೊಂದು ಇರಲೇಬೇಕು, 10 ವರ್ಷದೊಳಗಿನ ಮಕ್ಕಳು ಹಾಕಿಕೊಂಡೇ ಇರಬೇಕು ಅಂತ ಕಾನೂನು. ದೊಡ್ಡವರೂ ಹಾಕಿಕೊಳ್ಳಿ, ಫೋಟೋ ಚೆನ್ನಾಗಿ ಬರಲ್ಲ ಅನ್ನುವ ನೆಪ ಬೇಡ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋದರೆ ವಾಪಸ್ ಬರುವಾಗ ಅದೇ ನೂಕಿಕೊಂಡು ಬರುತ್ತದೆ. ಪಕ್ಕದಲ್ಲೇ ಶುರುವಾಗುವ ಬೌಂಡರಿ ವಾಟರ್ಸ್ ಅನ್ನುವ ಸಂರಕ್ಷಿತ ಕಾಡು-ಕೆರೆಗಳ ಪ್ರದೇಶಕ್ಕೆ ಹಗಲು ಹೋಗಿ ಬರುವುದಾದರೆ ಅಲ್ಲೇ ಒಂದು ಪುಕ್ಕಟೆ ಪರ್ಮಿಟ್ ಬರೆದುಕೊಳ್ಳಬೇಕು. ಅಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಕನೂ ಹೊತ್ತು ನಡೆಯುವ ದಾರಿಯನ್ನು ಪೋರ್ಟೇಜ್ ಅನ್ನುತ್ತಾರೆ, ಅಳೆಯುವುದು ‘ರಾಡ್’ ಲೆಕ್ಕದಲ್ಲಿ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚೂಕಡಿಮೆ ಒಂದು ಕನೂ ಉದ್ದ. ನಕ್ಷೆಯಲ್ಲಿ 80 ಅಂತ ಇದ್ದರೆ ಕಾಲು ಮೈಲಿ ಹೊರಬೇಕು ಅಂತ ತಿಳಿಯಿರಿ.

ಸಂಜೆ ಹನಿಮೂನ್ ಬ್ಲಫ್ ಹತ್ತಿ. ಮೆಟ್ಟಿಲಿದೆ, ಅರ್ಧ ಮೈಲಿಯೂ ಇಲ್ಲ, ಮೇಲಿನಿಂದ ಹಂಗ್ರಿ ಜ್ಯಾಕ್ ಕೆರೆಯ ಮೇಲೆ ಸೂರ್ಯ ಮುಳುಗುವುದು ಕಾಣುತ್ತದೆ. ಕತ್ತಲಾದ ಮೇಲೆ ಕೆರೆಯ ಆಚೆಯಿಂದ ಲೂನ್ ಹಕ್ಕಿ ಕೂಗುತ್ತದೆ. ಮೊದಲ ಸಲ ಕೇಳಿದಾಗ ಯಾರೋ ಹೆಂಗಸು ಅಳುತ್ತಿದ್ದಾಳೆ ಅಂತ ನನ್ನ ಹೆಂಡತಿ ಎದ್ದು ಕೂತಿದ್ದಳು. ಆಕಾಶ ನೋಡುವವರಿಗೆ ಹಬ್ಬ. ಬೌಂಡರಿ ವಾಟರ್ಸ್‌ಗೆ 2020ರಲ್ಲಿ ಡಾರ್ಕ್ ಸ್ಕೈ ಸ್ಯಾಂಕ್ಚುಯರಿ, ಅಂದರೆ ಕತ್ತಲ ಆಕಾಶದ ಅಭಯಾರಣ್ಯ, ಅಂತ ಮಾನ್ಯತೆ ಸಿಕ್ಕಿದೆ.

ರಾತ್ರಿ ಈ ರಸ್ತೆಯಲ್ಲಿ ಓಡಿಸಬೇಡಿ. ಮೂಸ್‌ನ ಮೈ ಕಪ್ಪು, ಕಣ್ಣು ನಿಮ್ಮ ಹೆಡ್‌ಲೈಟಿನ ಬೆಳಕಿಗಿಂತ ಮೇಲಿರುತ್ತದೆ, ಜಿಂಕೆಯ ಕಣ್ಣಿನ ಹಾಗೆ ಹೊಳೆಯುವುದು ಕಾಣುವುದಿಲ್ಲ.

ಗಡಿಯ ಹತ್ತಿರ ಇದ್ದೀರಿ ಅನ್ನುವುದು ನೆನಪಿರಲಿ

ವೀಸಾದಲ್ಲಿ ಇರುವವರು ಪಾಸ್‌ಪೋರ್ಟ್, ಐ-94 (ಅಮೆರಿಕದೊಳಗೆ ಬಂದದ್ದರ ದಾಖಲೆ), ಗ್ರೀನ್ ಕಾರ್ಡ್ ಇದ್ದರೆ ಅದು, ಜೊತೆಯಲ್ಲೇ ಇಟ್ಟುಕೊಳ್ಳಿ. ಅಪ್ಪ ಅಮ್ಮನದ್ದೂ ಸೇರಿ. ಹೈವೇ 61 ಗ್ರ್ಯಾಂಡ್ ಪೋರ್ಟೇಜ್ ದಾಟಿ ಸೀದಾ ಕೆನಡಾಕ್ಕೆ ಹೋಗುತ್ತದೆ, ಮಾತಾಡುತ್ತಾ ತಿರುವು ತಪ್ಪಿಸಿಕೊಂಡರೆ ಎದುರಿಗೇ ಚೆಕ್‌ಪೋಸ್ಟು. ಗಡಿಗೆ ಮುಂಚೆಯೇ ಇರುವ ಗ್ರ್ಯಾಂಡ್ ಪೋರ್ಟೇಜ್ ಸ್ಟೇಟ್ ಪಾರ್ಕಿನಲ್ಲಿ ಪಿಜನ್ ನದಿ 120 ಅಡಿಯಿಂದ ಬೀಳುತ್ತದೆ. ಅರ್ಧ ಮೈಲಿ ಒಳ್ಳೆಯ ದಾರಿ, ವಯಸ್ಸಾದವರೂ ಆರಾಮಾಗಿ ಹೋಗಬಹುದು. ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ನೆಲ ಅದು, ಒಳಗಿನ ಪ್ರದರ್ಶನದಲ್ಲಿ ಅವರ ಮಾತೇ ಇದೆ, ಓದಿಕೊಂಡು ಹೋಗಿ.

ಇನ್ನೊಂದು: ಈ ಭಾಗದಲ್ಲಿ ಫೋನು ಆಚೆಯ ಟವರ್ ಹಿಡಿದು ಗಂಟೆ ಒಂದು ಮುಂದೆ ತೋರಿಸುತ್ತದೆ, ಆಂಟೇರಿಯೊದ ಆ ಕಡೆ ಈಸ್ಟರ್ನ್ ಟೈಮು. ರೋಮಿಂಗ್ ಆಫ್ ಮಾಡಿ. ಡೋನಟ್ ಅಂಗಡಿ ತೆರೆಯುವ ಮುಂಚೆ ಹೋಗಿ ಬಾಗಿಲಲ್ಲಿ ಒಂದು ಗಂಟೆ ನಿಂತವರು ನಾವು.

ಮನೆಗೆ ಬಂದ ದಿನ ಸುಸ್ತಾಗಿದ್ದರೂ ಟೆಂಟನ್ನು ಚೀಲದಿಂದ ಹೊರಗೆ ತೆಗೆಯಿರಿ. ಒದ್ದೆ ಟೆಂಟು ಎರಡು ದಿನ ಮಡಚಿದ್ದರೆ ಬೂಷ್ಟು ಹಿಡಿದು ವಾಸನೆ ಹೋಗುವುದೇ ಇಲ್ಲ. ಬಾಲ್ಕನಿಯಲ್ಲಿ ಜಾಗ ಇಲ್ಲದಿದ್ದರೆ ಹಾಲಿನಲ್ಲಿ ಕುರ್ಚಿಗಳ ಮೇಲೆ ಹರಡಿ ಫ್ಯಾನ್ ಹಾಕಿ. ನಮ್ಮ ಮಗ ಆ ರಾತ್ರಿಯೂ ಅದರ ಕೆಳಗೇ ಮಲಗುತ್ತಾನೆ.